ಸೇತುವೆ ಒಡೆಯದ ದಿನ

ಬಸ್ಸಿನ ಸಾಲಿನಲ್ಲಿ ಟೈಲರಮ್ಮನ ಮುಂದೆ ಮಾವ, ಅಳಿಯ ನಿಂತಿದ್ದರು. ಅಳಿಯ ಗಂಟಲು ದಪ್ಪ ಮಾಡಿಕೊಂಡು ಹಳೇ ಯುದ್ಧದ ಸೇನಾಪತಿಯನ್ನು ಅಣಕಿಸುತ್ತಿದ್ದ. ಆಕೆಗೂ ನಗು ತಡೆಯಲಾಗಲಿಲ್ಲ.

“‘ನಾಳೆ ಒಡೆಯೋಣ, ಸೇತುವೆ ಎಲ್ಲಿಗೆ ಓಡಿಹೋಗುತ್ತೆ?’ ಅಂದನಂತೆ, ಮಾವ. ಅವತ್ತೇ ಉಡಾಯಿಸಿದ್ರೆ ಶತ್ರು ಹೊಳೆ ದಾಟ್ತಿರಲಿಲ್ಲ, ಯುದ್ಧ ನಾವೇ ಗೆಲ್ತಿದ್ವಿ.”

“ಗೆಲ್ತಿದ್ವೇನೋ. ಜನ ಇನ್ನೂ ದಾಟ್ತಾ ಇದ್ರಲ್ಲ, ಅಳಿಯಂದ್ರೇ, ಅದಕ್ಕೇ ಕಾದ.”

“ನಾಲ್ಕು ಜನಕ್ಕೋಸ್ಕರ ಯುದ್ಧಾನೇ ಸೋಲೋದಾ?”

“ಆ ನಾಲ್ಕು ಜನರಲ್ಲಿ ನಿಮ್ಮತ್ತೆ ಒಬ್ಬಳು. ಅವರಮ್ಮನ ಕಂಕುಳಲ್ಲಿದ್ಲು.”

ಟೈಲರಮ್ಮ ನಗು ನುಂಗಿಕೊಂಡಳು. ಅಳಿಯನ ದನಿ ತೆಳ್ಳಗಾಯಿತು.

“ಬೆಳಿಗ್ಗೆ ಅತ್ತೆ ಎದುರೂ ಇದನ್ನೇ ಮಾಡಿ ತೋರಿಸ್ದೆ.”

“ಏನಂದ್ಲು?”

“ನಕ್ಕರು. ಇನ್ನೊಂದ್ಸಲ ಮಾಡಿ ಅಂದ್ರು. ಮಾಡ್ದೆ.”

ಬಸ್ಸು ಬಂದಾಗ ಮಾವ ಹತ್ತಿದರು. ಅಳಿಯ ತಲೆ ಎತ್ತದೆ ಸಾಲು ಬಿಟ್ಟು ಮನೆಯ ಕಡೆ ತಿರುಗಿದ.