ಖಾಸೀಂಬಿಯ ಮೊರ

ಹೆಸರು ಮರೆಮ್ಮ ಗಂಡ ದಶರಥ, ವಯಸ್ಸು 44, ಕೂಲಿ ಕೆಲಸ, ಸಾಕಿನ್ ಮಟಕಿ ಗ್ರಾಮ, ತಾಲೂಕು ಆಳಂದ. ನಾನು ಖುದ್ದಾಗಿ ಠಾಣೆಗೆ ಬಂದು ಬರೆಸುವುದೇನೆಂದರೆ,

ನಾನು ಆಳಂದದ ಹೊರಗಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಬೇಳೆ ಆರಿಸುತ್ತೇನೆ. ಆರಿಸುವ ಮಷೀನು ಬಂದ ಮೇಲೆ, ಅದು ಬಿಟ್ಟ ಕಲ್ಲು ತೆಗೆಯಲು ಐದು ಮಂದಿ ಹೆಂಗಸರು ಉಳಿದಿದ್ದೇವೆ. ಪ್ರತಿಯೊಬ್ಬರ ತಲೆಯ ಮೇಲೆ ಒಂದು ಕ್ಯಾಮರಾ, ಒಂದು ದೀಪ. ಮೊರ ಅಲುಗುತ್ತಿದ್ದರೆ ದೀಪ ಹಸಿರು, ನಿಂತರೆ ಕೆಂಪು. ದಿನಕ್ಕೆ ಮೂರು ಸಲ ಕೆಂಪಾದವರನ್ನು ಮರುದಿನ ಗೇಟಿನೊಳಗೆ ಬಿಡುವುದಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಖಾಸೀಂಬಿ, ಅಂದಾಜು 58 ವರ್ಷ, ಕ್ಯಾಮರಾವನ್ನು ಅಳಿಯ ಎನ್ನುತ್ತಿದ್ದಳು. ಅಳಿಯ ನೋಡಾಕತ್ತಾನ, ಸೆರಗು ಸರಿ ಮಾಡ್ಕೋರಿ ಎಂದು ನಗಿಸುತ್ತಿದ್ದಳು. ಯಾರಾದರೂ ನೀರಿಗೋ ಹೊರಕಡೆಗೋ ಹೋದರೆ ಪಕ್ಕದವಳು ಮೊಣಕಾಲಿನಿಂದ ಅವಳ ಮೊರ ಅಲುಗಿಸುವುದು ನಮ್ಮಲ್ಲಿ ರೂಢಿ. ಇದು ಮಿಲ್ಲಿನವರಿಗೆ ಗೊತ್ತಿಲ್ಲ.

ದಿನಾಂಕ 12-05-2025ರಂದು ಬಿಸಿಲು ಬಹಳ ಇತ್ತು. ಶೆಡ್ಡು ತಗಡಿನದು. ಇದ್ದೊಂದು ಫ್ಯಾನನ್ನು ಮಷೀನಿನ ಕಡೆ ತಿರುಗಿಸಿದ್ದರು. ಊಟದ ನಂತರ ಖಾಸೀಂಬಿ ಸೂಪರ್‌ವೈಜರ್ ಜಗದೇವರ ಬಳಿ ಹೋಗಿ, ಎದೆ ಹಿಡಿದಂತಾಗಿದೆ, ಮನೆಗೆ ಬಿಡಬೇಕು ಎಂದು ಕೇಳಿದಳು. ಅವರು ಪರದೆ ತೋರಿಸಿ, ಮುಂಜಾನಿಂದ ನಿನ್ನ ದೀಪ ಹಸಿರೇ ಐತಿ, ನಿನಗೇನಾಗೈತಿ ಎಂದರು. ಆ ಮುಂಜಾನೆ ಬಹಳ ಹೊತ್ತು ಅವಳ ಮೊರ ಅಲುಗಿಸಿದವಳು ನಾನು.

ಮೂರು ಗಂಟೆಗೆ ಅವಳು ಕಂಬಕ್ಕೆ ಒರಗಿ, ಜರಾ ಕಣ್ಣು ಮುಚ್ಚತೇನಿ ಬೇ ಮರೆಮ್ಮ, ಅಳಿಯನ್ನ ನೋಡ್ಕೋ ಎಂದಳು. ಅವಳ ಕೈ ಮೊರದಲ್ಲೇ ಇತ್ತು. ನಾನು ಮೊರ ಅಲುಗಿಸಿದಂತೆ ಕೈಯೂ ಬೇಳೆಯೊಳಗೆ ಆಡುತ್ತಿತ್ತು. ಒಮ್ಮೆ ಅವಳೇ ಆರಿಸುತ್ತಿದ್ದಾಳೆ ಎನಿಸಿ ಮೊಣಕಾಲು ತೆಗೆದೆನು. ದೀಪ ಕೆಂಪಾಯಿತು. ಮತ್ತೆ ಅಲುಗಿಸಿದೆನು.

ಐದೂವರೆಗೆ ದೀಪಗಳು ಆರಿದವು. ಏಳಕ್ಕಾ, ಅಳಿಯ ಹೋದ ಎಂದು ಭುಜ ಮುಟ್ಟಿದೆನು. ಅವಳು ನನ್ನ ಕಡೆ ವಾಲಿದಳು. ಬೆರಳುಗಳು ಬಿಗಿದಿದ್ದವು. ಅಂಗೈಗೆ ಬೇಳೆ ಅಂಟಿತ್ತು.

ಐದೂವರೆವರೆಗೆ ಅವಳು ಚೆನ್ನಾಗಿ ಕೆಲಸ ಮಾಡಿದ್ದು ಕಂಪ್ಯೂಟರಿನಲ್ಲಿದೆ, ಆಮೇಲಿನದಕ್ಕೆ ಮಿಲ್ಲು ಹೊಣೆಯಲ್ಲ ಎಂದು ಜಗದೇವರು ಅವಳ ಮಗಳು ಜಸ್ಮೀನಳಿಗೆ ಹೇಳಿದರು. ಮರುದಿನ ಮಣ್ಣಾದ ಮೇಲೆ ಜಸ್ಮೀನ ನನ್ನ ಬಳಿ ಬಂದು, ಖರೇ ಹೇಳು ಮೌಶಿ, ನಿನ್ನ ಮಗ್ಗಲಾಗೇ ಇದ್ದಳಲ್ಲ, ಅಮ್ಮಿ ಎಷ್ಟೊತ್ತಿಗೆ ಹೋದ್ಲು ಎಂದು ಕೇಳಿದಳು. ನನಗೆ ಗೊತ್ತಿಲ್ಲ. ಮೂರರಿಂದ ಐದೂವರೆಯೊಳಗೆ ಎಂದಷ್ಟೇ ಬರೆಸಬಲ್ಲೆ. ಆ ಹೊತ್ತಿನ ಕೆಲಸ ನನ್ನ ಮೊಣಕಾಲಿನದು. ಅವಳದಲ್ಲ.

ಈ ದಿನ ಮುಂಜಾನೆ ಕೆಲಸಕ್ಕೆ ಹೋದೆನು. ಅವಳ ಜಾಗ ಖಾಲಿ ಇತ್ತು, ಮೊರ ಅಲ್ಲೇ ಇತ್ತು. ಹತ್ತು ಗಂಟೆಗೆ ಜಗದೇವರು ಬಂದು, ಕಂಪ್ಯೂಟರಿನಲ್ಲಿ ಇವತ್ತೂ ಖಾಸೀಂಬಿಯ ಹಾಜರಿ ಬಿದ್ದಿದೆ, ಇಲ್ಲಿ ಯಾರು ಕೂತಿದ್ದರು ಎಂದು ಕೇಳಿದರು. ಮೇಲೆ ನೋಡಿದೆನು. ಅವಳ ಜಾಗದ ದೀಪ ಹಸಿರಾಗಿತ್ತು. ಕೆಳಗೆ ನೋಡಿದ ಮೇಲೆ ನನ್ನ ಮೊಣಕಾಲು ಅವಳ ಮೊರ ಅಲುಗಿಸುತ್ತಿರುವುದು ತಿಳಿಯಿತು. ಅಲ್ಲಿಂದ ನೇರವಾಗಿ ಠಾಣೆಗೆ ಬಂದೆನು.

ನಾಳೆ ನನ್ನನ್ನು ಗೇಟಿನೊಳಗೆ ಬಿಡುವುದಿಲ್ಲ ಎಂಬುದು ಗೊತ್ತಿದ್ದೇ ಇದನ್ನು ಬರೆಸಿದ್ದೇನೆ. ಬರೆದದ್ದನ್ನು ಓದಿ ಕೇಳಿಸಿದರು. ನಾನು ಹೇಳಿದ್ದೇ ಇದೆ, ಅದು ಖರೆ.

ಸ್ಥಳ: ಆಳಂದ
ದಿನಾಂಕ: 14-05-2025

ಮರೆಮ್ಮಳ ಎಡಗೈ ಹೆಬ್ಬೆಟ್ಟು. ಮಹಿಳಾ ಪೇದೆ ಮಣಿಕಟ್ಟು ಹಿಡಿದು ಒತ್ತಿಸಿದ್ದಾರೆ.