ಅಜ್ಜಿಯ ಒಂದೇ ಒಂದು ಮಾತು

ಬಸ್ಸಿನಲ್ಲಿ ದರ್ಜಿಯೊಬ್ಬನ ಮುಂದಿನ ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು ತನ್ನ ಅಜ್ಜಿಯ ಜೊತೆ ಕೂತಿದ್ದಳು. ಬೇಡವೆಂದರೂ ಅವನ ಕಿವಿ ಅತ್ತಲೇ ಹೋಯಿತು.

“ಅಜ್ಜೀ, ನಿನ್ನೆ ಶೂಟಿಂಗಲ್ಲಿ ಹೆಣ ಯಾಕೆ ಕೆಮ್ಮಿತು?”

“ನೆಲ ತಣ್ಣಗಿತ್ತು ಕಣೇ. ನನಗೂ ಒಂದು ಮಾತು ಕೊಡು.”

“ಸತ್ತವರು ಮಾತಾಡಲ್ಲ.”

“ಹಾಗಾದ್ರೆ ನಾನು ಸಾಯಲ್ಲ. ಬೇರೆಯವರನ್ನ ನೋಡ್ಕೋ.”

“ಬೇರೆ ಯಾರು ಬಿಟ್ಟಿ ಬರ್ತಾರೆ? ನಾಡಿದ್ದು ಕಾಲೇಜಿಗೆ ಸಿನಿಮಾ ಕೊಡ್ಬೇಕು. ಕೈ ಕೊಡ್ಬೇಡ.”

“ಸಾಯೋಕೆ ಮುಂಚೆ ಒಂದೇ ಒಂದು ಮಾತು ಕಣೇ.”

ಹುಡುಗಿ ಸೋತಳು. “ಸರಿ. ಏನು ಹೇಳ್ತೀಯ?”

“ಸೊಸೆಗೆ ಬೈತೀನಿ.”

“ಅಜ್ಜೀ! ಅಮ್ಮನೇ ತನ್ನ ಫೋನಲ್ಲಿ ಶೂಟ್ ಮಾಡ್ತಿರೋದು!”

“ಗೊತ್ತು. ಕೈ ನಡುಗದ ಹಾಗೆ ಹಿಡ್ಕೊಳ್ಳೋಕೆ ಹೇಳು.”

ಅವರ ಸ್ಟಾಪ್ ಬಂತು. ಅಜ್ಜಿ ಸರಸರನೆ ಇಳಿದರು, ಹುಡುಗಿ ಹಿಂದೆ ಓಡಿದಳು. ದರ್ಜಿ ಇಳಿಯಬೇಕಾದ ಸ್ಟಾಪ್ ಆಗಲೇ ದಾಟಿಹೋಗಿತ್ತು.