ಬಾಯಿ ತೆರೆಸುವ ತರಬೇತಿ

ಆಡಳಿತ ಮಂಡಳಿಯ ಅಧ್ಯಕ್ಷರಾದ ಹೊಶಿನೋ ಅವರೇ, ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಿರುವ, ಇಂದು ನಿವೃತ್ತರಾಗುತ್ತಿರುವ ನಿರ್ದೇಶಕ ಕುರಾಹಾಶಿ ಅವರೇ, ಗಾಲಿಕುರ್ಚಿಗಳಲ್ಲಿ ಮುಂದಿನ ಸಾಲನ್ನೆಲ್ಲ ಹಿಡಿದಿರುವ ಹಿರಿಯರೇ, ಸಹೋದ್ಯೋಗಿಗಳೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಫಿಲಿಪೀನ್ಸಿನ ಹೆಂಗಸಿನ ಕೈಗೆ ಮೈಕು ಕೊಟ್ಟು ಐದೇ ನಿಮಿಷ ಎನ್ನುವುದು ಬೆಕ್ಕಿನ ಮುಂದೆ ಹಾಲಿಟ್ಟು ಒಂದೇ ಗುಟುಕು ಎಂದ ಹಾಗೆ. ನಿರ್ದೇಶಕರು ಹಾಕಿಸಿದ ಲಿಫ್ಟು, ಮಾಡಿಸಿದ ಚಾವಣಿ, ಎಲ್ಲವನ್ನೂ ಹಿಂದಿನವರು ಹೊಗಳಿ ಮುಗಿಸಿದ್ದಾರೆ. ನನಗೆ ಉಳಿದಿರುವುದು ಅವರು ನನ್ನನ್ನು ಕಳುಹಿಸಿದ ತರಬೇತಿಯೊಂದೇ.

ಜಪಾನಿನ ಈ ವೃದ್ಧಾಶ್ರಮದಲ್ಲಿ ವರ್ಷಗಟ್ಟಲೆ ಹಿರಿಯರಿಗೆ ಊಟ ಮಾಡಿಸಿದ ಮೇಲೆ, ಊಟ ಮಾಡಿಸುವುದು ಹೇಗೆಂದು ಕಲಿಯಲು ಸರ್ಕಾರ ನನ್ನನ್ನು ಕರೆಯಿತು. ವಿದೇಶಿಯರೆಲ್ಲ ಹೋಗಲೇಬೇಕು, ತಪ್ಪಿಸಿಕೊಂಡರೆ ಕೆಲಸದ ಪರವಾನಗಿಗೆ ಕುತ್ತು. ನನ್ನ ಚಿಂತೆ ಒಂದೇ ಆಗಿತ್ತು: ಇಗೋ, ಇಲ್ಲೇ ಮುಂದೆ ಕುಳಿತಿರುವ ಕಿಯೊ ಅಜ್ಜಿ. ಆಗ ಅವರು ನನ್ನ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲ. ಹೊರಡುವಾಗ ನಿರ್ದೇಶಕರಿಗೆ ಹೇಳಿದೆ.

"ಎರ್ಲಿಂಡಾ ಅವರೇ, ಕೈಪಿಡಿ ಇದೆಯಲ್ಲ. ಅದರಂತೆ ತಿನ್ನಿಸಿದ್ರೆ ಯಾರು ಬೇಕಾದ್ರೂ ತಿಂತಾರೆ, ಹೊರಡಿ" ಅಂದರು.

ಹೊರಟೆ. ಜಿಲ್ಲಾ ಕೇಂದ್ರದ ದೊಡ್ಡ ಸಭಾಂಗಣ. ಮೊದಲು ಕೈಕಾಲು ಕುಣಿಸುವ ವ್ಯಾಯಾಮ, ಆಮೇಲೆ ಎಲ್ಲರ ಪರಿಚಯ. ಪರಿಚಯ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಉಪನ್ಯಾಸಕರಾದ ಶಿಯೋತಾನಿ ಅವರು "ಪ್ರಶ್ನೆಗಳಿದ್ದರೆ ಸಂಕೋಚವಿಲ್ಲದೆ ಕೇಳಿ" ಎಂದಾಗಲೆಲ್ಲ ಇಡೀ ಸಭೆ ತನ್ನ ಬೂಟು ನೋಡಿಕೊಳ್ಳುತ್ತಿತ್ತು. ನಾನೊಬ್ಬಳು ಕೈ ಎತ್ತಿದೆ. ಪಕ್ಕದಲ್ಲಿದ್ದ ವಿಯೆಟ್ನಾಮಿನ ಖಾಂಗ್ ನನ್ನ ಕೈಯನ್ನು ಕೆಳಗೆಳೆದ. "ಅಕ್ಕಾ, ನಿಮ್ ಕಾಲಿಗೆ ಬೀಳ್ತೀನಿ. ನೀವು ಕೇಳಿದ್ರೆ ಅವ್ರು ಉತ್ರ ಕೊಡ್ತಾರೆ!"

ಮರುದಿನ ಅಭಿನಯ. ಖಾಂಗ್ ಊಟ ಬೇಡವೆನ್ನುವ ಅಜ್ಜ, ನಾನು ಆರೈಕೆಯವಳು. ಅವನು ತುಟಿ ಬಿಗಿದು ಕುಳಿತ ಚಂದಕ್ಕೆ ಸಭೆಯೇ ಚಪ್ಪಾಳೆ ತಟ್ಟಿತು; ಆ ಉಬ್ಬಿಗೆ ಬಾಯಿ ಬಿಡಲೇ ಇಲ್ಲ. ನಾನು ಅಭ್ಯಾಸಬಲದಿಂದ ಒಂದು ಚಮಚ ಗಂಜಿಯನ್ನು ನನ್ನ ಬಾಯಿಗೇ ಹಾಕಿಕೊಂಡು, "ಬನ್ನಿ ಅಜ್ಜಾ, ಊಟ ಮಾಡೋಣ" ಎಂದೆ. ನಮ್ಮ ಕಡೆ ಬಸ್ಸಿನಲ್ಲಿ ಬ್ರೆಡ್ಡು ಬಿಚ್ಚಿದರೂ ಪಕ್ಕದವರನ್ನು ಕರೆಯದೆ ತಿನ್ನುವುದಿಲ್ಲ. ಶಿಯೋತಾನಿ ಅವರ ಮುಖ ಬಿಳಿಚಿಕೊಂಡಿತು. "ಎಲ್ಲರೂ ಗಮನಿಸಿ. ಯಾವತ್ತೂ ಮಾಡಬಾರದ್ದು ಇದೇ. ಹಿರಿಯರ ಜೊತೆ ಸಿಬ್ಬಂದಿ ತಿನ್ನೋ ಹಾಗಿಲ್ಲ." ಸಭೆಯೆಲ್ಲ ಬರೆದುಕೊಂಡಿತು. ನಾನೂ ಬರೆದುಕೊಂಡೆ.

ಬಿಡುವಿನಲ್ಲಿ ಫೋನ್ ತೆರೆದರೆ ನಿರ್ದೇಶಕರ ಕರೆಗಳ ಸಾಲು. ಹೊರಗೆ ಬಂದು ಮಾತನಾಡಿದೆ. ನಾನು ಹೊರಟಾಗಿನಿಂದ ಅಜ್ಜಿ ಒಂದು ಅಗುಳೂ ನುಂಗಿರಲಿಲ್ಲ. ನಾಳೆ ಬೆಳಿಗ್ಗೆ ಮೂಗಿಗೆ ಟ್ಯೂಬ್ ಹಾಕುವುದಾಗಿ ಡಾಕ್ಟರು ಹೇಳಿಬಿಟ್ಟಿದ್ದರು. ಒಮ್ಮೆ ಟ್ಯೂಬ್ ಬಂದರೆ ಆ ವಯಸ್ಸಿನಲ್ಲಿ ಮತ್ತೆ ಬಾಯಿರುಚಿ ಎಲ್ಲಿಯದು, ಸಭಿಕರೇ?

"ಕೈಪಿಡಿಯಲ್ಲಿರೋದೆಲ್ಲ ಮಾಡಿ ನೋಡಿದ್ವಿ. ನೀವೇನ್ ಮಾಡ್ತೀರಿ?" ಎಂದರು.

"ಅವ್ರ ಜೊತೆ ಕೂತು ನಾನೂ ತಿಂತೀನಿ, ಸಾರ್."

ಕೆಲಸ ಹೋಯಿತು ಎಂದುಕೊಂಡೆ. ಆದರೆ ಅವರು ಸಣ್ಣ ದನಿಯಲ್ಲಿ ಕೇಳಿದರು: "ನಾನು ಏನು ತಿನ್ಲಿ?"

ಹೆಂಡತಿ ತೀರಿಕೊಂಡ ಮೇಲೆ ಈ ಮನುಷ್ಯ ಕುಳಿತು ಉಂಡಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಅಂಗಡಿಯ ಬ್ರೆಡ್ಡನ್ನು ಕಿಟಕಿಯ ಹತ್ತಿರ ನಿಂತೇ ಮುಗಿಸುತ್ತಿದ್ದರು. ಇದನ್ನು ಸಭೆಯಲ್ಲಿ ಹೇಳಬಾರದಿತ್ತೇನೋ. ಕ್ಷಮಿಸಿ, ಸಾರ್, ಬಾಯಿಗೆ ಬಂದುಬಿಟ್ಟಿತು.

ಮರುದಿನ ಮಧ್ಯಾಹ್ನ ಪ್ರಮಾಣಪತ್ರ ಹಿಡಿದು ಓಡೋಡಿ ಬಂದೆ. ಟ್ಯೂಬ್ ಇರಲಿಲ್ಲ. ನಿರ್ದೇಶಕರು ಅಜ್ಜಿಯ ಎದುರು ಗಂಜಿ ಬಟ್ಟಲು ಹಿಡಿದು ಕುಳಿತಿದ್ದರು. ಅವರೊಂದು ಚಮಚ, ಇವರೊಂದು ಚಮಚ. ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತಿನಿಂದ ಮಧ್ಯಾಹ್ನದ ಆ ಕೆಲಸ ನನ್ನ ಕೈ ತಪ್ಪಿತು. ನನಗೆ ಹೊಟ್ಟೆಕಿಚ್ಚಾಯಿತು, ನಿಜವನ್ನೇ ಹೇಳುತ್ತೇನೆ.

ನಿರ್ದೇಶಕರು ಹೊರಡುತ್ತಾರೆಂದು ನಿನ್ನೆ ಅಜ್ಜಿಗೆ ಹೇಳಿದೆ. ಇನ್ನು ಮತ್ತೆ ಬಾಯಿ ಮುಚ್ಚುತ್ತಾರೇನೋ ಎಂಬ ಭಯ ನನಗೆ. ಅಜ್ಜಿಗೆ ಅದಕ್ಕಿಂತ ದೊಡ್ಡ ಭಯವಿತ್ತು.

"ಹೋಗ್ತಾನಾ? ಹಾಗಾದ್ರೆ ಆ ಹುಡುಗನಿಗೆ ಊಟ ಮಾಡ್ಸೋರು ಯಾರೇ? ನಾನು ಬಾಯಿ ತೆಗೆದ್ರೆ ಮಾತ್ರ ಅವನು ತಿನ್ನೋದು. ಹಸಿವಿಲ್ದೆ ಇದ್ರೂ ಅದಕ್ಕೇ ತೆಗೀತಿದ್ದೆ."

ಸಾರ್, ಹೂಗಳನ್ನು ನಾನು ಹಿಡಿದುಕೊಳ್ಳುತ್ತೇನೆ, ನೀವು ಕಣ್ಣು ಒರೆಸಿಕೊಳ್ಳಿ. ನಾಳೆ ಮಧ್ಯಾಹ್ನ ಬನ್ನಿ. ಐದು ನಿಮಿಷ ಮೀರಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೂ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ ನನ್ನ ವಂದನೆಗಳು. ನಮಸ್ಕಾರ.